ಬೆವರುವ ಗೋಡೆಗೆ ಯಾವ ಬಣ್ಣ

ಬಸುರಿ ಮಗಳಿಗೆ ಕುಬಸ ಮಾಡಿದ ದಿನ ನನ್ನ ಬೀಗತಿ, ಅಂದರೆ ಅವಳ ಅತ್ತೆ, ಎಲ್ಲರ ಎದುರಿಗೆ ನಮ್ಮ ಮನೆಯ ಬಡಗು ಖೋಲಿಯ ಗೋಡೆಗೆ ಅಂಗೈ ಒತ್ತಿ ಹಿಡಿದರು. ವೈದ್ಯರು ಜ್ವರ ನೋಡಿದ ಹಾಗೆ. ಕೈ ತೆಗೆದು ಬೆಳಕಿಗೆ ಹಿಡಿದು ನೋಡಿಕೊಂಡರು. ಅಂಗೈ ಹಸಿ ಆಗಿತ್ತು. ಸೆರಗಿಗೆ ಒರೆಸಿಕೊಂಡು, “ಬೀಗ್ರ, ನಿಮ್ಮ ಗ್ವಾಡಿ ಬೆವರಾಕತ್ತೈತಲ್ರೀ” ಅಂದರು.

ಪಡಸಾಲೆಯಲ್ಲಿ ಉಣ್ಣಲು ಕುಂತಿದ್ದ ಹೆಣ್ಣುಮಕ್ಕಳು ಕಿಸಕ್ಕೆಂದು ನಕ್ಕರು. ಹೋಳಿಗೆ ನೀಡುತ್ತಿದ್ದ ನನ್ನ ಹೆಂಡತಿ ನಗಲಿಲ್ಲ.

ನಾನು ಗೌಂಡಿ. ನಾಲ್ಕನೇ ಇಯತ್ತೆ ಮುಗಿಯುವ ಮೊದಲೇ ಸಾಲಿ ಬಿಟ್ಟು ಕರಣಿ ಹಿಡಿದವನು. ಸಿಂಧನೂರಿನಿಂದ ಮಸ್ಕಿಯ ತನಕ ಬಸ್ಸಿನಲ್ಲಿ ಕುಂತರೆ ಎರಡೂ ಕಡೆ ನನ್ನ ಕೈಯ ಗೋಡೆಗಳು ಕಾಣುತ್ತವೆ. ತೂಗುಗುಂಡು ಬಿಟ್ಟು ನೋಡಿದರೆ ಒಂದೂ ಕೂದಲೆಳೆಯಷ್ಟು ವಾಲಿಲ್ಲ. ಈ ಮನೆಯೂ ನಾನೇ ಕಟ್ಟಿದ್ದು. ಊರಿನ ಕೊನೆಗೆ, ಕಾಲುವೆ ನೀರಿನ ಗದ್ದೆ ಶುರುವಾಗುವಲ್ಲಿ ಜಾಗ ಹಿಡಿದು, ಹೆಂಡತಿ ಸಿಮೆಂಟಿನ ಮಾಲು ಕಲಸಿ ಕೊಡುತ್ತ, ನಾನು ಕಟ್ಟುತ್ತ, ಬೇರೆಯವರ ಕೆಲಸ ಇಲ್ಲದ ದಿನ ನೋಡಿ ಎದ್ದ ಮನೆ. ಬಡಗು ಖೋಲಿ ಎಲ್ಲಕ್ಕೂ ಕೊನೆಗೆ ಕೂಡಿಸಿದ್ದು. ಸಿಮೆಂಟ್ ಬ್ಲಾಕಿನ ತೆಳ್ಳನೆ ಗೋಡೆ, ಮೇಲೆ ಸ್ಲ್ಯಾಬು. ಗೋಡೆಯ ಹೊರಮೈಗೆ ಹತ್ತಿಕೊಂಡೇ ಗದ್ದೆ. ಮಗಳ ಬಾಣಂತನಕ್ಕೇ ಆ ಖೋಲಿ ಅಂತ ಅವಳ ಮದುವೆಯ ಮೊದಲೇ ಮನೆಯಲ್ಲಿ ಮಾತಾಗಿತ್ತು.

ಚೊಚ್ಚಲ ಬಾಣಂತನ ತವರುಮನೆಯಲ್ಲೇ. ಇದನ್ನು ನಮ್ಮಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಹೇಳುವಂಥ ಮಾತೇ ಅಲ್ಲ. ಕುಬಸ ಮಾಡಿ, ಹಸಿರು ಸೀರೆ ಉಡಿಸಿ, ಬೀಗರು ಉಂಡು ಹೋಗುತ್ತಾರೆ, ಮಗಳು ಉಳಿಯುತ್ತಾಳೆ. ಆದರೆ ಆ ಸಂಜೆ ಬೀಗತಿ ಗಾಡಿ ಹತ್ತುವ ಮುಂಚೆ ನನ್ನ ಹೆಂಡತಿಯನ್ನು ಬದಿಗೆ ಕರೆದು ನನಗೂ ಕೇಳುವಂತೆ ಅಂದರು.

“ಸಂಕ್ರಮಣ ಆದ ಕೂಡಲೇ ಹಡಿಯೋಳು ಅಕಿ. ಚಳಿ ಹೆಂಗಿರತೈತಿ ನಿಮಗೇ ಗೊತ್ತು. ಹಸಿ ಬಾಣಂತಿ, ಹಸುಗೂಸು, ಈ ಖೋಲ್ಯಾಗ ಹ್ಯಾಂಗ ಮಲಗಸ್ತೀರಿ? ಗ್ವಾಡಿ ಒಣಗಲಿ. ಆಮ್ಯಾಲ ಕಳಸ್ತೀವಿ. ಎಲ್ಲಿಗೆ ಹೊಕ್ಕಾಳ, ನಿಮ್ಮ ಮಗಳ ಅಲ್ಲೇನು?”

ಒಣಗದಿದ್ದರೆ? ಮಗಳು ಬಿಚ್ಚಿಟ್ಟಿದ್ದ ಚೀಲ ಮತ್ತೆ ತುಂಬಿಕೊಂಡು ಅವರ ಜೊತೆ ಲಿಂಗಸುಗೂರಿಗೆ ಹೊರಟಳು. ಗಾಡಿಯ ಕಿಟಕಿಯಿಂದ ಮುಖ ಹೊರಗೆ ಹಾಕಿ, “ಅಪ್ಪಾ, ಚೊಲೋ ಬಣ್ಣ ಹಚ್ಚಿದ್ರ ಸರಿ ಹೋಗಬೌದು, ನೋಡು” ಅಂದಳು. ನನಗೆ ಧೈರ್ಯ ಹೇಳಿದಳೋ, ತನಗೋ, ತಿಳಿಯಲಿಲ್ಲ.

ಹೆಂಡತಿ ಎಲೆ ಎತ್ತುತ್ತ ಅಂದಳು, “ಊರ ಮಂದೀಗೆಲ್ಲ ಮನಿ ಕಟ್ಟಿ ಕೊಡತೈತಿ ಈ ಗಣಮಗ. ತನ್ನ ಮಗಳು ಹಡಿಯಾಕ ಒಂದು ಖೋಲಿ ಕಟ್ಟಾಕ ಬರಲಿಲ್ಲ.”

ಗೋಡೆ ಕಟ್ಟುವುದು ನನಗೆ ಗೊತ್ತು. ಬಣ್ಣ ಗೊತ್ತಿಲ್ಲ. ಗೋಡೆಗೆ ಸಿಮೆಂಟು ಮೆತ್ತುವ ಗಿಲಾವ್ ಮುಗಿದು ಒಣಗಿತೆಂದರೆ ಗೌಂಡಿಯ ಕೆಲಸ ಮುಗಿಯಿತು, ಬಣ್ಣದವರು ಬಂದರೆ ನಾವು ಬೇರೆ ಪಾಯಕ್ಕೆ ಹೋಗಿರುತ್ತೇವೆ. ಆದರೂ ನಾನು ಯಾರನ್ನೂ ಕೇಳುವುದು ಬೇಡ ಅಂದುಕೊಂಡೆ. ಗೋಡೆಯ ವಿಷಯ ಇನ್ನೊಬ್ಬನನ್ನು ಕೇಳುವ ಕಾಲ ನನಗೆ ಬಂದಿಲ್ಲ ಅನ್ನುವ ಸೊಕ್ಕು.

ಮರುದಿನ ಸಿಂಧನೂರಿನ ಪೇಟೆಯಲ್ಲಿ ಬಣ್ಣದ ದುಕಾನಿಗೆ ಹೋದೆ. “ತಣ್ಣನ ಖೋಲಿ ಬೆಚ್ಚಗ ಆಗಬೇಕು, ಯಾವ ಬಣ್ಣ ಕೊಡ್ತೀರಿ?” ಅಂದೆ.

ದುಕಾನಿನವರು ಕನ್ನಡಕ ಹಣೆಗೇರಿಸಿ ನನ್ನನ್ನೇ ನೋಡಿದರು. “ಯಜಮಾನ್ರ, ಈ ಊರಾಗ ದುಕಾನ ಹಾಕಿದಾಗಿಂದ ಬಂದವರೆಲ್ಲ ಖೋಲಿ ತಣ್ಣಗ ಆಗೋ ಬಣ್ಣ ಕೇಳ್ಯಾರ. ಬೆಚ್ಚಗ ಆಗೋದು ಕೇಳಿದವ್ರು ನೀವ ಮೊದಲನೇದವ್ರು. ನೀವು ಯಾವ ಸೀಮಿಯವರು?”

“ಇದ ಊರವ. ಬಾಣಂತಿ ಖೋಲಿ.”

“ಹಂಗನ್ರಿ ಮತ್ತ” ಅಂದು ನಗು ಬಿಟ್ಟು ಗಂಭೀರ ಆದರು. ಚಿಕ್ಕ ಚಿಕ್ಕ ಚೌಕದ ಬಣ್ಣಗಳಿದ್ದ ಪುಸ್ತಕ ಬಿಚ್ಚಿ ಮುಂದಿಟ್ಟರು. ಒಂದೊಂದರ ಕೆಳಗೂ ಇಂಗ್ಲಿಷಿನಲ್ಲಿ ಹೆಸರು. ಕನ್ನಡ ಇದ್ದಿದ್ದರೆ ಕೂಡಿಸಿ ಕೂಡಿಸಿ ಓದುತ್ತಿದ್ದೆ. ಓದಿದವನ ಹಾಗೆ ನಾಲ್ಕು ಹಾಳೆ ತಿರುವಿ ಹಾಕಿದೆ. ಕಡಲೆ ಹಿಟ್ಟಿನ ಬಣ್ಣದ ಚೌಕದ ಮೇಲೆ ಬೆರಳಿಟ್ಟೆ. ನೋಡಿದರೇ ಬೆಚ್ಚಗಿತ್ತು.

“ಬಣ್ಣ ಇರಲಿ, ಜಾತಿ ಯಾವುದು? ಡಿಸ್ಟೆಂಪರೋ, ಎಮಲ್ಷನ್ನೋ, ಆಯಿಲ್ ಪೇಂಟೋ?”

ನಾನು ತಲೆ ಓಡಿಸಿದೆ. ಗೋಡೆಯ ಆಚೆ ಗದ್ದೆ ನೀರು. ಗೋಡೆ ಅದನ್ನು ಕುಡಿದು ಒಳಗೆ ಬಿಡುತ್ತಿರಬೇಕು. ನೀರಿನ ತೊಟ್ಟಿಗೆ ಒಳಗಿಂದ ಗಟ್ಟಿ ಲೇಪ ಕೊಟ್ಟರೆ ನೀರು ದಾಟುವುದಿಲ್ಲ. ಹಾಗಾದರೆ ಗೋಡೆಗೂ ನೀರು ದಾಟದಂಥದ್ದು ಬೇಕು. “ಆಯಿಲ್ ಪೇಂಟ್ ಕೊಡ್ರಿ” ಅಂದೆ. ಅವರು ಬಾಯಿ ತೆರೆದು ಮತ್ತೆ ಮುಚ್ಚಿಕೊಂಡರು. ನನ್ನ ದನಿ ಕೇಳಿದ ಮೇಲೆ ಯಾರೂ ಎರಡನೇ ಮಾತು ಆಡುವುದಿಲ್ಲ. ಅದು ನನಗೆ ಆಗ ಹೆಮ್ಮೆಯ ವಿಷಯವೇ.

ಮೂಲೆಯ ಚೀಲಗಳ ಮೇಲೆ ತಾಡಪಾಲು ಎಳೆದು ಎರಡು ಕೋಟು ಹಚ್ಚಿದೆ, ನಾನೇ. ಅಷ್ಟಕ್ಕೇ ನಿಲ್ಲಲಿಲ್ಲ. ಬಾಣಂತಿಗೆ ಗಾಳಿ ಆಗಬಾರದು ಅಂತ ನಮ್ಮಲ್ಲಿ ಕಿವಿಗೆ ಅರಳೆ ಇಟ್ಟು, ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿ, ಬಾಗಿಲ ಸಂದಿಗೂ ಚಿಂದಿ ತುರುಕುತ್ತಾರೆ. ನಾನು ಗೌಂಡಿ, ಚಿಂದಿ ಯಾಕೆ? ಗೋಡೆಯ ಮೇಲಿದ್ದ ಗಾಳಿಯ ಜಾಳಿಗೆಗೆ ಇಟ್ಟಿಗೆ ಇಟ್ಟು ಸಿಮೆಂಟು ಮೆತ್ತಿ ಪಕ್ಕಾ ಮುಚ್ಚಿಬಿಟ್ಟೆ. ಖೋಲಿ ಡಬ್ಬಿಯಂತಾಯಿತು. ಗೋಡೆ ಹಿತ್ತಾಳೆ ಬೆಳಗಿದಂತೆ ಹೊಳೆಯಿತು. ಹೆಂಡತಿಯೂ ಬಾಗಿಲಲ್ಲಿ ನಿಂತು “ಚಂದ ಆತು ಬಿಡು” ಅಂದಳು.

ವಾಸನೆ ಹೋಗಲಿ ಅಂತ ನಾಲ್ಕು ದಿನ ಬಾಗಿಲು ತೆರೆದೇ ಇಟ್ಟಿದ್ದೆವು. ಐದನೇ ದಿನ ಮುಚ್ಚಿದೆವು. ಆರನೇ ದಿನ ಬೆಳಿಗ್ಗೆ ಬಾಗಿಲು ತೆಗೆದರೆ ಗೋಡೆಯ ಮೇಲಿಂದ ನೀರು ಸಾಲುಸಾಲಾಗಿ ಇಳಿಯುತ್ತಿತ್ತು. ಮೊದಲು ಅಂಗೈ ಹಸಿ ಆಗುತ್ತಿತ್ತು, ಈಗ ಟವೆಲು ಹಿಂಡುವಷ್ಟಾಯಿತು. ನೆಲದ ಮೂಲೆಯಲ್ಲಿ ಮಡುಗಟ್ಟಿತ್ತು.

ನನ್ನ ತಾಯಿ ಕಟ್ಟೆಯ ಮೇಲೆ ಬಿಸಿಲು ಕಾಯಿಸುತ್ತ ಕುಂತಿದ್ದಳು. “ಸುಣ್ಣ ಹಚ್ಚಲೇ ಅಂದ್ನಿ. ಸುಣ್ಣ ಅಂದ್ರ ಬಡವರದು ನಿನಗ. ಎಮ್ಮಿ ಮೈಗೆ ಎಣ್ಣಿ ಹಚ್ಚಿದಂಗ ಮಾಡೀದಿ ಗ್ವಾಡೀನ.”

“ನಿನಗೇನು ತಿಳಿತೈತಿ ಸುಮ್ನಿರಬೇ” ಅಂದೆ. ನನಗೇನು ತಿಳಿದಿತ್ತು ಅನ್ನುವುದು ಬೇರೆ ಮಾತು.

ಆಮೇಲಿನ ಹತ್ತು ದಿನ ನನ್ನ ತಲೆ ನೆಟ್ಟಗಿರಲಿಲ್ಲ. ಕೆಲಸಕ್ಕೆ ಹೋದಲ್ಲಿ, ನೆಂಟರ ಮನೆಗೆ ಹೋದಲ್ಲಿ, ಚಹಾದ ಅಂಗಡಿಯಲ್ಲಿ, ಎಲ್ಲೆಲ್ಲಿಯೂ ಗೋಡೆ ಮುಟ್ಟಿ ನೋಡುವುದೇ ಕೆಲಸ. ಸಾಲಗುಂದದಲ್ಲಿ ನಾನೇ ಕಟ್ಟಿದ ಮನೆಯೊಂದಕ್ಕೆ ಬೆಳಿಗ್ಗೆ ಬೆಳಿಗ್ಗೆ ಹೋಗಿ ಗೋಡೆ ಮೇಲೆ ಕೈಯಿಟ್ಟು ನಿಂತಿದ್ದಾಗ ಆ ಮನೆಯ ಯಜಮಾನ ಹಲ್ಲುಜ್ಜುತ್ತ ಹೊರಗೆ ಬಂದ. “ಯಾಕೋ ಗೌಂಡಿ, ಬೀಳತೈತೇನು?” ಅಂದ ಗಾಬರಿಯಾಗಿ. ಅಲ್ಲೂ ಅದೇ ಬ್ಲಾಕು, ಅದೇ ಗದ್ದೆ. ಗೋಡೆ ಒಣಗಿತ್ತು. ಒಂದೇ ಕೈ ಕಟ್ಟಿದ್ದು, ಒಂದು ಬೆವರುತ್ತದೆ, ಒಂದು ಬೆವರುವುದಿಲ್ಲ. ನನ್ನ ಅಳಿಯನ ಕಡೆಯವರೊಬ್ಬರು ಫೋನಿನಲ್ಲಿ, ಬಿಸಿ ಹಿಡಿದಿಡುವ ಬಣ್ಣ ಬಂದಿದೆ, ಹೊರದೇಶದಲ್ಲಿ ಅದನ್ನೇ ಹಚ್ಚುತ್ತಾರೆ ಅಂದರು. ಇನ್ನೊಬ್ಬರು ಕಪ್ಪು ಬಣ್ಣ ಬಿಸಿಲು ಎಳೆಯುತ್ತದೆ, ಹೊರಗೋಡೆಗೆ ಕಪ್ಪು ಬಳಿ ಅಂದರು. ಬಡಗು ಗೋಡೆಗೆ ಬಿಸಿಲು ಎಲ್ಲಿಂದ ತರಲಿ? ಬಾಣಂತಿ ಮಲಗುವ ಖೋಲಿಗೆ ಕಪ್ಪು ಬಳಿದರೆ ಬೀಗತಿ ಏನಂದಾರು?

ಕೊನೆಗೆ ಸೊಕ್ಕು ಕಿಸೆಯಲ್ಲಿಟ್ಟುಕೊಂಡು ಮಸ್ಕಿಯ ಬಸ್ ಹತ್ತಿದೆ. ಅಲ್ಲಿ ಬಣ್ಣದ ಕೆಲಸ ಮಾಡುವ ಒಬ್ಬ ಹಳೆಯ ಜೊತೆಗಾರ ಇದ್ದಾನೆ. ನಾನು ಕಟ್ಟಿದ ಎಷ್ಟೋ ಗೋಡೆಗೆ ಬಣ್ಣ ಕೊಟ್ಟವನು ಅವನೇ. ಅವನನ್ನು ನಾನು ಜೀವಮಾನವೆಲ್ಲ ‘ಮುಖಕ್ಕೆ ಪೌಡರ್ ಹಚ್ಚುವವ’ ಅಂತ ಹಾಸ್ಯ ಮಾಡಿದ್ದೆ. ಸಂತೆಯ ದಿನ. ಚಹಾ ಕುಡಿಯುತ್ತ ನಡೆದದ್ದೆಲ್ಲ ಹೇಳಿದೆ.

“ಪೌಡರ್ ಹಚ್ಚಾಂವ ಬೇಕಾತೇನು ಈಗ?” ಅಂದು ಅವನು ಹೊಟ್ಟೆ ತುಂಬ ನಕ್ಕ. ಆಮೇಲೆ ಕೇಳಿದ, “ನೀರು ಗ್ವಾಡಿಯೊಳಗಿಂದ ಬರಾಕತ್ತೈತೋ, ಖೋಲಿಯೊಳಗಿಂದ ಬರಾಕತ್ತೈತೋ?”

“ಖೋಲಿಯೊಳಗ ಎಲ್ಲಿ ನೀರು ಬಂತಲೇ? ನಲ್ಲಿ ಇಲ್ಲ, ಬಚ್ಚಲ ಇಲ್ಲ.”

“ಬಣ್ಣ ಕೆರೆದ ಒಂದು ಗೇಣು ಜಾಗಕ್ಕ ಪ್ಲಾಸ್ಟಿಕ್ ಹಾಳಿ ಅಂಟಿಸು. ನಾಕೂ ಕಡೆ ಟೇಪು ಬಿಗಿ. ಮುಂಜಾನಿ ನೋಡು. ಹಾಳಿ ಒಳಮೈ ಹಸಿ ಇದ್ರ ಗ್ವಾಡೀದು ತಪ್ಪು. ಹೊರಮೈ ಹಸಿ ಇದ್ರ ನಿಮ್ದು ತಪ್ಪು.”

ಅವನು ಹೇಳಿದಂತೆಯೇ ಮಾಡಿದೆ. ಬೆಳಿಗ್ಗೆ ಹಾಳೆಯ ಹೊರಮೈ ತೊಯ್ದಿತ್ತು. ಕಿತ್ತು ನೋಡಿದರೆ ಒಳಗಿನ ಗಿಲಾವ್ ಬೂದಿಯಷ್ಟು ಒಣ. ಗೋಡೆ ಗದ್ದೆಯ ನೀರು ಕುಡಿದೇ ಇರಲಿಲ್ಲ. ನನ್ನ ಗೋಡೆಯದು ತಪ್ಪಿಲ್ಲ ಅಂತ ಒಂದು ಗಳಿಗೆ ಎದೆ ಹಿಗ್ಗಿತು. ಹಾಗಾದರೆ ನೀರು ಎಲ್ಲಿಂದ? ಖೋಲಿಯ ನಡುವೆ ನಿಂತು ಸುತ್ತ ನೋಡಿದೆ. ಮೂಲೆಯಲ್ಲಿ ತಾಡಪಾಲು ಹೊದಿಸಿ ಒಟ್ಟಿದ್ದ ನೆಲ್ಲಿನ ಚೀಲಗಳು. ವರ್ಷದ ಊಟದ ನೆಲ್ಲು. ಕೊಯ್ಯುವ ಮಷಿನ್ನಿನಿಂದ ಬಿದ್ದದ್ದನ್ನು ಮೂರ್ನಾಲ್ಕು ದಿನ ರಸ್ತೆಯ ಮೇಲೆ ಹರವಿ ಒಣಗಿಸಬೇಕು. ಕುಬಸದ ಗಡಿಬಿಡಿಯಲ್ಲಿ ಒಂದೇ ಬಿಸಿಲು ತೋರಿಸಿ ತುಂಬಿ ಒಳಗೆ ಹಾಕಿದ್ದೆವು. ಚೀಲದೊಳಗೆ ಕೈ ಹಾಕಿದರೆ ಉಗುರುಬೆಚ್ಚಗೆ, ಉಸಿರಾಡುವ ದನದ ಮೈಯಂತೆ. ಆ ಉಸಿರೆಲ್ಲ ರಾತ್ರಿ ತಣ್ಣನೆ ಗೋಡೆಗೆ ಹೋಗಿ ಕೂರುತ್ತಿತ್ತು. ಹೊರಗೆ ಹೋಗಲು ಇದ್ದ ಒಂದೇ ದಾರಿಯನ್ನು ನಾನೇ ಸಿಮೆಂಟು ಮೆತ್ತಿ ಮುಚ್ಚಿದ್ದೆ. ಬಣ್ಣದ ಮೈಯೂ ಗಾಜಿನಂತೆ, ಒಂದು ಹನಿ ಹೀರುವುದಿಲ್ಲ.

ಚೀಲ ಹೊರಗೆ ಹಾಕಿದೆ. ಆಯಿಲ್ ಪೇಂಟ್ ಕೆರೆಯಲು ಹಚ್ಚಿದ್ದಕ್ಕಿಂತ ಮೂರು ಪಟ್ಟು ದಿನ ಹಿಡಿಯಿತು. ಭುಜ ಬಿದ್ದುಹೋಯಿತು. ತಾಯಿ ಹೇಳಿದಂತೆ ಸುಣ್ಣದ ಹರಳು ತಂದು ಕುದಿಸಿ, ಅಂಟು ಹಾಕಿ, ಸೋಸಿ ಹಚ್ಚಿದೆ. ಅವಳು ಬಂದು ಬೆರಳು ಸವರಿ ನೋಡಿದಳೇ ಹೊರತು ಒಂದು ಒಳ್ಳೆಯ ಮಾತು ಆಡಲಿಲ್ಲ. ಜಾಳಿಗೆಯ ಇಟ್ಟಿಗೆ ಒಡೆದೆ.

ಗೋಡೆ ಬೆವರುವುದು ನಿಂತಿತು. ಆದರೆ ಖೋಲಿ ಬೆಚ್ಚಗಾಗಲಿಲ್ಲ. ಸುಣ್ಣದ ಗೋಡೆ ಒಣಗಿತ್ತು, ನೀರಿನ ಹರವಿಯ ಮೈಯಷ್ಟು ತಣ್ಣಗಿತ್ತು. ಒಣಗಿದ್ದು ಬೇರೆ, ಬೆಚ್ಚಗಿರುವುದು ಬೇರೆ ಅನ್ನುವುದೇ ನನಗೆ ಅಷ್ಟು ದಿನ ಹೊಳೆದಿರಲಿಲ್ಲ. ಇಷ್ಟಕ್ಕೂ ಬಾಣಂತನ ಅಂದರೆ ಏನು? ದಿನಾ ಕೊಡಗಟ್ಟಲೆ ಕುದಿ ನೀರಿನ ಎರೆತ, ಕೆಂಡದ ಅಗ್ಗಿಷ್ಟಿಕೆ, ಲೋಬಾನದ ಹೊಗೆ, ಒದ್ದೆ ಬಟ್ಟೆ, ಮುಚ್ಚಿದ ಬಾಗಿಲು. ನೆಲ್ಲಿನ ಚೀಲಕ್ಕಿಂತ ಹತ್ತು ಪಟ್ಟು ಉಗಿ. ಜಾಳಿಗೆ ತೆರೆದರೆ ಬಾಣಂತಿಗೆ ಗಾಳಿ. ಮುಚ್ಚಿದರೆ ಗೋಡೆಗೆ ನೀರು. ನಾನು ಹಗಲು ತೆರೆಯುತ್ತಿದ್ದೆ, ಹೆಂಡತಿ ಸಂಜೆ ಹಳೆ ಸೀರೆ ತುರುಕುತ್ತಿದ್ದಳು.

“ಗಾಳಿ ಹೊಕ್ರ ಕೂಸಿಗೆ ನಂಜು ಆಕ್ಕೈತಿ.”

“ಗಾಳಿ ಹೊಗದಿದ್ರ ಗ್ವಾಡಿ ಬೂಸು ಹಿಡಿತೈತಿ.”

“ನಿನಗ ಗ್ವಾಡಿ ಹೆಚ್ಚೋ, ಕೂಸು ಹೆಚ್ಚೋ?”

ಉತ್ತರ ಸುಲಭ ಇತ್ತು. ಆದರೂ ಮರುದಿನ ಬೆಳಿಗ್ಗೆ ಎದ್ದು ಮತ್ತೆ ಆ ಸೀರೆ ಕಿತ್ತೆ.

ಗೋಡೆ ಒಣಗಿದೆ ಅಂತ ಫೋನ್ ಮಾಡಿ ಹೇಳಿದೆ. ಬೀಗರು ‘ಬಂದು ಕರ್ಕೊಂಡು ಹೋಗ್ರಿ’ ಅಂದರು. ಹೆಂಡತಿ ಬಾಣಂತಿಗೆ ಬೇಕಾದ ಅಜವಾನ, ಅಳವಿ ಬೀಜ, ಒಣಕೊಬ್ಬರಿ ಎಲ್ಲ ಡಬ್ಬಿಗೆ ತುಂಬಿ, ತಯಾರಿ ಆಗಿದೆ ಅಂತ ಬೀಗತಿಗೆ ತೋರಿಸಲು ಚೀಲದಲ್ಲಿ ಕಟ್ಟಿಕೊಂಡು, ಹೊಸ ಸೀರೆ ಉಟ್ಟಳು. ಬಾಡಿಗೆ ಗಾಡಿ ಮಾಡಿಕೊಂಡು ಲಿಂಗಸುಗೂರಿಗೆ ಹೋದೆವು.

ಬೀಗರ ಮನೆ ಹಳೆಯದು. ಕಲ್ಲು ಮಣ್ಣಿನ ಗೋಡೆ, ಮೊಳಕ್ಕೂ ದಪ್ಪ, ಮೇಲೆ ಮಣ್ಣಿನ ಮಾಳಿಗೆ. ಇಂಥ ಮನೆಗಳನ್ನು ನಾನು ಎಷ್ಟು ಕೆಡವಿದ್ದೇನೋ ಲೆಕ್ಕವಿಲ್ಲ. ‘ಇದೇನ್ರೀ, ಇಲಿ ಹೆಗ್ಗಣದ ಮನಿ, ಕೆಡವಿ ಬ್ಲಾಕಿನಾಗ ಎಬ್ಬಿಸ್ರಿ’ ಅಂತ ಶಿಫಾರಸು ಮಾಡಿ ಕೆಡವಿಸಿದ್ದೇನೆ. ಮಗಳು ನಡುಮನೆಯ ಪಕ್ಕದ ಒಂದು ಖೋಲಿಯಲ್ಲಿ ಕಾಲು ಚಾಚಿ ಕುಂತಿದ್ದಳು. ಒಂದು ಗೋಡೆಯ ಆಚೆ ಒಲೆ, ಇನ್ನೊಂದು ಗೋಡೆಯ ಆಚೆ ದನ. ಹಳೆಯ ಹಸಿರು ಡಿಸ್ಟೆಂಪರು ಎಲ್ಲೆಲ್ಲೋ ಚಕ್ಕೆ ಎದ್ದು ನೋಡಲು ಹೇಸಿಗೆ ಬರುವಂತಿತ್ತು. ಮಾಳಿಗೆಯಲ್ಲಿ ಹೊಗೆ ಹೋಗುವ ಬೆಳಕಿಂಡಿ ಸಣ್ಣಗೆ ತೆರೆದೇ ಇತ್ತು. ಬೀಗತಿ ಚಹಾ ತರಲು ಒಳಗೆ ಹೋದಾಗ ನಾನು ಚಟ ಬಿಡದೆ ಗೋಡೆಗೆ ಕೈ ಇಟ್ಟೆ.

ಬೆಚ್ಚಗಿತ್ತು. ಬಣ್ಣದ ಬೆಚ್ಚಗಲ್ಲ, ಆಗತಾನೇ ಮಲಗಿ ಎದ್ದವರ ಹಾಸಿಗೆಯ ಹಾಗೆ.

“ಏನ್ ನೋಡಾಕತ್ತಿ ಅಪ್ಪಾ?” ಅಂದಳು ಮಗಳು.

“ಇಲ್ಲಿ ಚಳಿ ಆಗೂದಿಲ್ಲೇನು ನಿನಗ?”

“ಇಲ್ಲ” ಅಂದಳು. ಆಮೇಲೆ ಅವ್ವನ ಮುಖ ನೋಡಿ, “ಅಲ್ಲೂ ಆಗೂದಿಲ್ಲ ಬಿಡು. ಎರಡು ಕೌದಿ ಹೊಚ್ಚಿಕೊಂಡ್ರ ಆತು” ಅಂದಳು. ಅವಳು ಚಿಕ್ಕಂದಿನಿಂದಲೂ ಹೀಗೆ. ನೋವಾದರೆ ನೋವಾಗಿಲ್ಲ ಅಂತ ಮೊದಲು ಹೇಳುವವಳು.

ಮಗಳ ಬಟ್ಟೆಯ ಚೀಲ ಬಾಗಿಲಲ್ಲಿ ಕಟ್ಟಿ ಇಟ್ಟಿತ್ತು. ಗಾಡಿಯವ ಹಾರ್ನ್ ಹಾಕಿದ. ಆಗ ನನ್ನೊಳಗೆ ಆದದ್ದನ್ನು ಇವತ್ತಿಗೂ ನೆಟ್ಟಗೆ ಹೇಳಲು ಬರುವುದಿಲ್ಲ. ಬೆಚ್ಚನೆ ಖೋಲಿಯಿಂದ ಎಬ್ಬಿಸಿಕೊಂಡು ತಣ್ಣನೆ ಖೋಲಿಗೆ ಒಯ್ಯಲು ಬಂದಿದ್ದೇನೆ, ಯಾಕೆ? ನನ್ನ ಇಜ್ಜತ್ತಿಗೋ, ಅವಳಿಗೋ? ಒಯ್ಯದೆ ಹೋದರೆ ಸಿಂಧನೂರಿನಲ್ಲಿ ಏನಂದಾರು? ಒಯ್ದು ಕೂಸಿಗೆ ಥಂಡಿ ಹತ್ತಿದರೆ? ಬೀಗತಿ ಚಹಾ ತಂದು ಮುಂದೆ ಹಿಡಿದಾಗ ನನ್ನ ಬಾಯಿಂದ ಬಂದದ್ದು ನಾನು ಯೋಚನೆ ಮಾಡಿದ ಮಾತಲ್ಲ.

“ಇಲ್ಲೇ ಇರಲಿ ಬಿಡ್ರಿ.”

ಬೀಗತಿಗೇ ಗಾಬರಿ ಆಯಿತು. “ಯಾಕ್ರೀ ಬೀಗ್ರ? ನಾ ಅವತ್ತ ಅಂದದ್ದು ಮನಸಿಗೆ ಹಚ್ಚಿಕೊಂಡ್ರೇನು? ಗ್ವಾಡಿ ಒಣಗೇತಿ ಅಂದ್ರೆಲ್ಲ!”

“ಒಣಗೇತ್ರೀ. ಬೆಚ್ಚಗಿಲ್ಲ. ಅದು ನಾ ಕಟ್ಟಿದ್ದು, ನನಗ ಗೊತ್ತೈತಿ.”

ಹೆಂಡತಿ ನನ್ನನ್ನು ನೋಡಿದ ನೋಟಕ್ಕೆ ಸಿಮೆಂಟು ಕೂಡ ಕರಗಬೇಕು. ಎದ್ದಳು, ಹೊರಗೆ ಹೋದಳು. ಗಾಡಿಯಲ್ಲಿ ಹೋಗಿ ಕುಂತಳು ಅಂದುಕೊಂಡೆ. ಡಬ್ಬಿಗಳ ಚೀಲ ಹೊತ್ತುಕೊಂಡು ಒಳಗೆ ಬಂದಳು. ಮಗಳ ಹಾಸಿಗೆಯ ಹತ್ತಿರ ಅದನ್ನು ಇಳಿಸಿ, “ಹಂಗಾರ ನಾನೂ ಇಲ್ಲೇ ಇರಾಕಿ” ಅಂದಳು. ಬೀಗತಿಯ ಕಡೆ ತಿರುಗಿ, “ನನ್ನ ಮಗಳ ಬಾಣಂತನ ನಾ ಮಾಡಾಕಿ. ನಿಮಗ ಜಾಗ ಐತೋ ಇಲ್ಲೋ ನೋಡ್ರಿ.”

ನಮ್ಮಲ್ಲಿ ಹೆಣ್ಣು ಕೊಟ್ಟವರು ಬೀಗರ ಮನೆಯಲ್ಲಿ ಒಂದು ಹೊತ್ತು ಹೆಚ್ಚಿಗೆ ಉಣ್ಣುವುದಕ್ಕೂ ಹಿಂದೆ ಮುಂದೆ ನೋಡುತ್ತಾರೆ. ಬೀಗತಿ ಒಂದು ಕ್ಷಣ ನಿಂತು, ಆಮೇಲೆ ಚೀಲದ ಬಾಯಿ ಬಿಚ್ಚಿ ಮೂಸಿದರು. “ಅಜವಾನ ಇಷ್ಟ ತಂದೀರಲ್ಲ, ಸಾಲೂದಿಲ್ಲ” ಅಂದರು. ಜಾಗ ಇದೆ ಅನ್ನುವುದಕ್ಕೆ ಅವರ ಉತ್ತರ ಅದು.

ನಾನು ಒಬ್ಬನೇ ಗಾಡಿಯಲ್ಲಿ ಹಿಂದಿರುಗಿದೆ. ಮಸ್ಕಿ ದಾಟಿದ ಮೇಲೆ ಗಾಡಿಯವ, “ಬರೂವಾಗ ಇಬ್ರು ಇದ್ರಿ, ಹೋಗೂವಾಗ ಮೂವರಾಗಬೇಕಿತ್ತು, ಒಬ್ರಾದ್ರಿ” ಅಂದ. ಹೌದಪ್ಪಾ ಅಂದೆ. ಮನೆಯಲ್ಲಿ ತಾಯಿ ಆರತಿ ತಟ್ಟೆ ಇಟ್ಟುಕೊಂಡು ಕುಂತಿದ್ದಳು. ನಡೆದದ್ದು ಕೇಳಿ, ತಟ್ಟೆ ಬದಿಗಿಟ್ಟು, “ಚೊಲೋ ಮಾಡೀದಿಯೋ ಕೆಟ್ಟ ಮಾಡೀದಿಯೋ ನನಗ ತಿಳಿವಲ್ದು” ಅಂದಳು. ಎಲ್ಲದಕ್ಕೂ ಉತ್ತರ ಇದ್ದವಳು ಅವಳು.

ಸಂಕ್ರಮಣ ಕಳೆದು ಎಂಟನೇ ದಿನಕ್ಕೆ ಹೆಣ್ಣು ಕೂಸು. ಇಬ್ಬರೂ ಆರಾಮ. ಓಣಿಯವರು ‘ಎಲ್ಲಿ ಹಡದ್ಲು?’ ಅಂದರೆ ‘ಲಿಂಗಸುಗೂರಾಗ’ ಅನ್ನುತ್ತಿದ್ದೆ. ‘ದವಾಖಾನಿ ಅಲ್ಲಿ ಚೊಲೋ ಐತಿ ಬಿಡ್ರಿ’ ಅಂತ ಅವರೇ ನನಗೊಂದು ಕಾರಣ ಕೊಡುತ್ತಿದ್ದರು. ನಾನು ಹೌದು ಅನ್ನಲಿಲ್ಲ, ಅಲ್ಲ ಅನ್ನಲೂ ಇಲ್ಲ.

ಹೆಂಡತಿ ಬೇಕೆಂದ ಕೌದಿ, ಬೆಲ್ಲ, ತುಪ್ಪ ಹೊತ್ತುಕೊಂಡು ವಾರಕ್ಕೊಮ್ಮೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಬಾಣಂತಿ ಖೋಲಿಗೆ ಗಂಡಸರು ಹೋಗುವಂತಿಲ್ಲ. ಹೊಸ್ತಿಲ ಹೊರಗೆ ನಿಂತರೆ ಒಳಗಿನ ಕಾವು, ಲೋಬಾನದ ಹೊಗೆ ಮುಖಕ್ಕೆ ಬಡಿಯುತ್ತಿತ್ತು. ಕೂಸಿಗೆ ಯಾವ ನೀರು ಎಷ್ಟು ಬಿಸಿ ಅಂತ ಹೆಂಡತಿಯೂ ಬೀಗತಿಯೂ ಜಗಳ ಆಡುವುದು ಕೇಳುತ್ತಿತ್ತು, ಅದರ ನಡುವೆ ಮಗಳ ನಗು. ಅಲ್ಲಿ ನಾನು ತವರಿನವನೋ ನೆಂಟನೋ, ಸೋತವನೋ ಗೆದ್ದವನೋ, ನಿಂತು ನಿಂತು ಕಾಲು ನೋಯುತ್ತಿತ್ತೇ ಹೊರತು ತಿಳಿಯುತ್ತಿರಲಿಲ್ಲ.

ಒಂದು ದಿನ ಬೀಗರು ಪಕ್ಕಕ್ಕೆ ಬಂದು ನಿಂತರು. ಕಡಿಮೆ ಮಾತಿನ ಮನುಷ್ಯ. ಬಾಗಿಲ ಸಂದಿಯಿಂದ ಕಾಣುತ್ತಿದ್ದ ಹಸಿರು ಚಕ್ಕೆಗಳ ಕಡೆ ಗದ್ದ ತೋರಿಸಿ ಮೆಲ್ಲಗೆ ಕೇಳಿದರು.

“ಬೀಗ್ರ, ನೀವು ತಿಳಿದವ್ರು. ನಾಮಕರಣಕ್ಕ ಮಂದಿ ಬರತಾರ. ಇದಕ್ಕ ಯಾವ ಬಣ್ಣ ಹಚ್ಚಬೇಕ್ರೀ?”

ನಾನು ಹೊಸ್ತಿಲ ಹೊರಗಿಂದಲೇ ಆ ಗೋಡೆಗೆ ಅಂಗೈ ಇಟ್ಟೆ, ಒಣಗಿತ್ತು, ಬೆಚ್ಚಗೂ ಇತ್ತು.

“ನನಗ ಗೊತ್ತಿಲ್ರೀ” ಅಂದೆ.